ಕಿವಿಯಿಲ್ಲದ ಆರ್ಡ್‌ವಾರ್ಕ್

ಮೊನ್ನೆ ಛತ್ರಿ ಹುಡುಕಲೆಂದು ಕಪಾಟಿನ ಮೇಲೆ ಕೈಯಾಡಿಸುತ್ತಿದ್ದಾಗ ಸುರುಳಿ ಸುತ್ತಿದ ಚಾರ್ಟ್ ಪೇಪರೊಂದು ಉರುಳಿ ಬಂದು ನನ್ನ ನೆತ್ತಿಗೆ ಬಡಿಯಿತು. ಕಾಗದ ಬಿದ್ದರೆ ಯಾರ ತಲೆಯೂ ಒಡೆಯುವುದಿಲ್ಲ. ಆದರೂ ನಾನು ಏಟು ತಿಂದವನ ಹಾಗೆ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ರಬ್ಬರ್ ಬ್ಯಾಂಡ್ ತೆಗೆದು ಬಿಚ್ಚಿ ನೋಡಿದರೆ ಅದೇ, ಹೋದ ವರ್ಷದ ಚಾರ್ಟು. ನಾಲ್ಕು ಪ್ರಾಣಿಗಳು. ಮೂರು ಇಡಿಯಾಗಿವೆ. ನಾಲ್ಕನೆಯದಕ್ಕೆ ಕಿವಿ ಇರಬೇಕಾದ ಕಡೆ ಎರಡು ತೂತು. ಆ ತೂತುಗಳಿಂದ ನನ್ನ ಎರಡು ಮೊಣಕಾಲು ಕಾಣುತ್ತಿದ್ದವು.

ಆ ಕಿವಿ ಕತ್ತರಿಸಿದವನು ನಾನೇ. ಯಾಕೆಂದು ಹೇಳುವ ಮೊದಲು ನನ್ನ ಜಾತಕ ಸ್ವಲ್ಪ ಹೇಳಿಬಿಡುತ್ತೇನೆ, ಆಮೇಲೆ ನೀವು ಬೈಯಲು ಅನುಕೂಲ.

ನಾನು ಲಿಫ್ಟ್ ಮೆಕ್ಯಾನಿಕ್. ಮುಂಬಯಿಯ ಮುಲುಂಡದ ಹೌಸಿಂಗ್ ಸೊಸೈಟಿಗಳಲ್ಲಿ ಲಿಫ್ಟು ನಡುವೆ ನಿಂತರೆ ಓಡುವವನು. ಇರುವುದು ಮಾತ್ರ ಆಂಟಾಪ್ ಹಿಲ್ಲಿನಲ್ಲಿ, ಲಿಫ್ಟೇ ಇಲ್ಲದ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ, ಅವ್ವನ ಜೊತೆ. ಹೊಟ್ಟೆಪಾಡು ಲಿಫ್ಟಿನದು, ಚಟ ಮಿಮಿಕ್ರಿಯದು. ಒಮ್ಮೆ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಸಿಕ್ಕಿಬಿದ್ದ ಗೃಹಸ್ಥರೊಬ್ಬರಿಗೆ ಮೇಲಿನಿಂದ ಲಿಫ್ಟಿನೊಳಗಿನ ಹೆಂಗಸಿನ ದನಿಯಲ್ಲೇ 'ಕೃಪಯಾ ದರವಾಜಾ ಬಂದ್ ಕರೇಂ' ಎಂದೆ. ಬಂದ್ ಆಗಿರುವುದೇ ತಾಪತ್ರಯ ತಾಯೀ, ಎಂದು ಅವರು ಒಳಗಿನಿಂದ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು.

ಈ ಚಟ ಇಂದಿನದಲ್ಲ. ಏಳನೇ ವಯಸ್ಸಿನಲ್ಲಿ ಬಚ್ಚಲಿನಲ್ಲಿ ಕುಳಿತು ಕುಕ್ಕರಿನ ಸೀಟಿ ಹೊಡೆದಿದ್ದೆ. ಮೂರು ಸಲ. ಅವ್ವ ಗ್ಯಾಸ್ ಆರಿಸಿದಳು. ಅನ್ನ ಅಕ್ಕಿಯಾಗಿಯೇ ಉಳಿಯಿತು, ಲಟ್ಟಣಿಗೆ ನನ್ನ ಬೆನ್ನಿಗೆ ಬಂತು. ಅಲ್ಲಿಂದ ಮುಂದೆ ನಮ್ಮ ಕಾಲೊನಿಯಲ್ಲಿ ನನ್ನ ಬಾಯಿಯಿಂದ ತಪ್ಪಿಸಿಕೊಂಡವರಿಲ್ಲ. ನೀರಿನ ವಾಲ್ವ್ ತಿರುಗಿಸುವವನು, ಗಣಿತದ ಟೀಚರು, ಫೋನಿನಲ್ಲಿ ಊರಿಗೆ ಮಾತಾಡುವಾಗ ಊರಿಗೇ ಕೇಳಿಸಲೆಂದು ಕೂಗುವ ಮೇಲಿನ ಮನೆಯ ಹಿರಿಯರು, ಎಲ್ಲರೂ ನನ್ನ ಗಂಟಲಲ್ಲಿ ಪುಕ್ಕಟೆ ಬಾಡಿಗೆಗಿದ್ದರು. ನನ್ನನ್ನೂ ನಾನು ಬಿಟ್ಟವನಲ್ಲ. ಹುಡುಗಿಯೊಬ್ಬಳಿಗೆ ಕಾಫಿ ಕುಡಿಯಲು ಬರುತ್ತೀಯಾ ಎಂದು ಕೇಳಿದಾಗ ನನ್ನ ದನಿ ಹೇಗೆ ಲಿಫ್ಟಿನಂತೆ ಮೇಲೆ ಹೋಗಿ ನಡುವೆ ನಿಂತಿತ್ತು ಎಂಬುದನ್ನು ನಾನು ಎಷ್ಟೋ ಮದುವೆಗಳಲ್ಲಿ ಮಾಡಿ ತೋರಿಸಿದ್ದೇನೆ. ಜನ ಬಿದ್ದು ಬಿದ್ದು ನಕ್ಕಿದ್ದಾರೆ. ಆ ಹುಡುಗಿಯೂ, ತನ್ನದೇ ಮದುವೆಯಲ್ಲಿ.

ಇರಲಿ, ಚಾರ್ಟಿಗೆ ಬರುತ್ತೇನೆ.

ಹೋದ ವರ್ಷ ಮಳೆಗಾಲದಲ್ಲಿ ಮುಲುಂಡದ ಅಕ್ಕನ ಮಗಳು ಸಿರಿ ಎರಡು ದಿನದ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದಳು. ಆರನೇ ಕ್ಲಾಸು. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ನಡುವೆ ಹಿಂದಿಯ ಸ್ಟೇಷನ್ನಿನಲ್ಲಿ ಇಳಿದು ಗಾಡಿ ಬದಲಿಸುತ್ತಾಳೆ. ಶಾಲೆಯಲ್ಲಿ ಅವಳಿಗೊಂದು ಕೆಲಸ ಕೊಟ್ಟಿದ್ದರು. ತಮ್ಮ ಗುಂಪಿನಲ್ಲಿ ಇನ್ಯಾರೂ ಉಳಿಯದೆ ತಾವೊಂದೇ ಉಳಿದುಕೊಂಡ ಪ್ರಾಣಿಗಳ ಚಿತ್ರ ಬರೆದು, ಅವುಗಳ ಬಗ್ಗೆ ಕ್ಲಾಸಿನಲ್ಲಿ ಹೇಳಬೇಕು. ಚಿತ್ರ ಅವಳದು, ಪ್ರಾಣಿಗಳ ದನಿ ಮಾಮನದು, ಎಂದು ಒಪ್ಪಂದ.

ಅವ್ವ ಶೇಂಗಾ ಹಸನು ಮಾಡುತ್ತ ಕುಳಿತಿದ್ದಳು. ಸಿರಿ ಆರ್ಡ್‌ವಾರ್ಕಿನ ಚಿತ್ರ ತೋರಿಸಿದಳು. ಹಂದಿಯ ಮೂತಿ, ಮೊಲದ ಕಿವಿ, ಬೆನ್ನು ಬಾಗಿದ ಮೈ. ಆಫ್ರಿಕಾದಲ್ಲಿ ಗೆದ್ದಲು ತಿಂದುಕೊಂಡಿರುತ್ತದಂತೆ.

"ಅಜ್ಜಿ, ಇದಕ್ಕೆ ರಿಲೇಟಿವ್ಸ್ ಇಲ್ಲ. ಕೋಯೀ ಭೀ ನಹೀ."

ಅವ್ವನ ಕೈ ಮೊರದಲ್ಲೇ ನಿಂತಿತು.

ನಮ್ಮ ಕಡೆಯ ಮಂದಿಯ ಸ್ವಭಾವ ನಿಮಗೆ ಗೊತ್ತಿರಬಹುದು. ಲೋಕಲ್ ರೈಲಿನಲ್ಲಿ ಎದುರು ಕುಳಿತವರ ಬಾಯಿಂದ ಒಂದು 'ಹೌದಲ್ರಿ' ಬಿದ್ದರೆ ಸಾಕು, ಕುರ್ಲಾ ಬರುವಷ್ಟರಲ್ಲಿ ಅವರ ಊರು, ಓಣಿ, ಮನೆತನ ಎಲ್ಲ ಹೊರಬಂದು, ಅವರ ಅತ್ತೆಯ ತಮ್ಮನಿಗೆ ನಮ್ಮ ದೊಡ್ಡಪ್ಪನ ಮಗಳನ್ನು ಕೇಳಿದ್ದರು ಎಂಬಲ್ಲಿಗೆ ಮುಟ್ಟುತ್ತದೆ. ಅವ್ವ ಇದರಲ್ಲಿ ಎಲ್ಲರಿಗೂ ಮೇಲು. ಸಂಬಂಧ ಇಲ್ಲದ ಜೀವ ಎಂಬುದು ಅವಳ ಪ್ರಕಾರ ಸರಿಯಾಗಿ ವಿಚಾರಿಸದ ಜೀವ, ಅಷ್ಟೆ.

ಹಾಗಾಗಿ ವಿಚಾರಣೆ ಶುರುವಾಯಿತು. ಇಡೀ ಜಗತ್ತಿನಲ್ಲಿ ಇದೊಂದೇ ಇದೆಯೇನು ಎಂದು ಅವ್ವ ಕೇಳಿದಳು. ಹಾಗಲ್ಲ, ಆರ್ಡ್‌ವಾರ್ಕ್‌ಗಳು ಬೇಕಾದಷ್ಟಿವೆ, ಆದರೆ ಹುಲಿಗೆ ಚಿರತೆ, ಸಿಂಹ, ಬೆಕ್ಕು ಇದ್ದಹಾಗೆ, ನಾಯಿಗೆ ತೋಳ, ನರಿ ಇದ್ದಹಾಗೆ ಇದಕ್ಕೆ ಹತ್ತಿರದವರು ಯಾರೂ ಇಲ್ಲ, ಇದ್ದವರೆಲ್ಲ ಯಾವುದೋ ಕಾಲದಲ್ಲಿ ಸತ್ತುಹೋದರು ಎಂದು ಸಿರಿ ತಿಳಿಸಿದಳು. ಹಂದಿ ಏನೂ ಆಗಬೇಕಿಲ್ಲವೇ? ಇಲ್ಲ. ಮೊಲ? ಇಲ್ಲ. ಬಹಳ ದೂರದಲ್ಲಿ ಆನೆ ಏನೋ ಆಗುತ್ತದಂತೆ. ಆನೆ ದೊಡ್ಡ ಮನೆತನ, ಬಡವರ ಕಡೆ ಯಾಕೆ ನೋಡೀತು ಎಂದಳು ಅವ್ವ.

ಎರಡನೆಯದು ಟುವಾಟಾರಾ, ನ್ಯೂಜಿಲೆಂಡಿನದು. ನೋಡಲು ಥೇಟ್ ಓತಿಕ್ಯಾತ. ಆದರೆ ಓತಿಕ್ಯಾತಗಳ ಕುಲದ್ದಲ್ಲ. ಅದರ ಕುಲದವರೂ ಡೈನೊಸಾರುಗಳ ಕಾಲದಿಂದ ಒಬ್ಬೊಬ್ಬರಾಗಿ ಎದ್ದು ಹೋದರು. ಮೂರನೆಯದು ಮೊಟ್ಟೆಯಿಟ್ಟು ಹಾಲೂಡಿಸುವ ಪ್ಲಾಟಿಪಸ್. ಇನ್ನೊಂದು ಅಮೆರಿಕದ ಬಯಲಿನ ಪ್ರಾಂಗ್‌ಹಾರ್ನ್, ಜಿಂಕೆಯಂತೆ ಕಂಡರೂ ಜಿಂಕೆಯಲ್ಲ, ಉಳಿದವರಲ್ಲಿ ಹತ್ತಿರದವರೆಂದರೆ ಜಿರಾಫೆಯ ಕಡೆಯವರು. ಅದೊಂದಕ್ಕೆ ಅವ್ವನಿಗೆ ಸ್ವಲ್ಪ ಸಮಾಧಾನ. ಎತ್ತರದವರಾದರೂ ಬೀಗರು ಬೀಗರೇ. ಆದರೆ ಆರ್ಡ್‌ವಾರ್ಕಿನ ಚಿತ್ರವನ್ನು ಮತ್ತೆ ಮತ್ತೆ ಎತ್ತಿ ನೋಡಿದಳು. ಅದಕ್ಕೆ ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು. ಸಿರಿಯ ಪುಸ್ತಕದಲ್ಲಿ ಆ ವಿಷಯ ಇರಲಿಲ್ಲ.

ನನಗೂ ಅವತ್ತು ಗರ ಬಡಿದಹಾಗಾಗಿತ್ತು, ಕಾರಣ ಬೇರೆ. ಆರ್ಡ್‌ವಾರ್ಕಿನ ದನಿ ಮಾಡು ಮಾಮಾ ಎಂದಳು ಹುಡುಗಿ. ಗುರುಗುಟ್ಟುತ್ತದೆ ಎಂದಷ್ಟೇ ಪುಸ್ತಕದಲ್ಲಿತ್ತು. ಗುರುಗುಟ್ಟಿದೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಸರಿಯೋ ತಪ್ಪೋ ಇಬ್ಬರಿಗೂ ಗೊತ್ತಿಲ್ಲ. ಮಿಮಿಕ್ರಿಯವನಿಗೆ ಇದಕ್ಕಿಂತ ದೊಡ್ಡ ಆಘಾತ ಇಲ್ಲ ಸ್ವಾಮಿ. ನಾನು ಒಬ್ಬ ಟೀಚರನ್ನು ಮಾಡಿದರೆ ನೀವು ನಗುವುದು ನಿಮ್ಮ ಶಾಲೆಯಲ್ಲೂ ಅಂಥವರೊಬ್ಬರು ಇದ್ದುದಕ್ಕೆ. ಯಾರ ಹಾಗೂ ಇಲ್ಲದ್ದನ್ನು ನಕಲು ಮಾಡಿದರೆ ನಗುವವರಾರು? ಇಪ್ಪತ್ತೇಳು ವರ್ಷ ಕುರಿಮಂದೆಯಲ್ಲಿ ತೋಳನ ಹಾಗೆ ಸುಖವಾಗಿದ್ದ ನನಗೆ, ಒಂಟಿ ಪ್ರಾಣಿ ನನ್ನ ಧಂದೆಗೇ ಕಲ್ಲು ಹಾಕುತ್ತದೆಂದು ಆ ಸಂಜೆಯೇ ತಿಳಿದದ್ದು.

ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ತಲೆ ಸುಮ್ಮನಿರುವ ಜಾತಿಯದಲ್ಲ. ನಮ್ಮ ಕಣ್ಣೆದುರಿಗೇ ಇರುವ ಒಬ್ಬ ಆರ್ಡ್‌ವಾರ್ಕನ್ನು ಹುಡುಕಿದರೆ ಐಟಮ್ಮು ಗೆಲ್ಲುತ್ತದೆ ಎಂದು ಅದಕ್ಕೆ ಹೊಳೆಯಿತು. ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ.

ನಮ್ಮ ಗಲ್ಲಿಯ ಬಾಯಲ್ಲಿ ಐದಡಿ ಅಗಲದ ಒಂದು ಟೇಲರ್ ಅಂಗಡಿ ಇದೆ. ಅದರ ಒಡೆಯ ದಸ್ತಗೀರ್ ಅವರನ್ನು ಗಲ್ಲಿಯೆಲ್ಲ ಟೇಲರ್ ಚಾಚಾ ಎನ್ನುತ್ತದೆ. ಅವ್ವನ ತವರೂರಿನವರು, ಬಾದಾಮಿಯ ಕಡೆಯವರು. ಮದುವೆಯಾಗಲಿಲ್ಲ. ಒಬ್ಬ ಅಣ್ಣನಿದ್ದರಂತೆ, ನಾನು ಹುಟ್ಟುವ ಮೊದಲೇ ಹೋದರು. ಊರಲ್ಲಿ ಇದ್ದ ಮನೆಯೂ ಯಾರದೋ ಆಯಿತು. ಅಂಗಡಿಯ ಅಟ್ಟದಲ್ಲಿ ಮಲಗುತ್ತಾರೆ. ಶಾಲೆ ಬಿಟ್ಟು ಬಂದವನು ನಾನು ಅವರ ಮಷೀನಿನ ಕೆಳಗೆ ಕೂರುತ್ತಿದ್ದೆ. ದಾರಕ್ಕೆ ಕಟ್ಟಿದ ಮ್ಯಾಗ್ನೆಟ್ಟನ್ನು ನೆಲದ ಮೇಲೆ ಎಳೆದಾಡಿಸಿ, ಬಿದ್ದ ಟಾಚಣಿಗಳನ್ನು, ಅಂದರೆ ಗುಂಡುಸೂಜಿಗಳನ್ನು, ಹಿಡಿಯುವುದು ನನ್ನ ಆಟ. ಮೀನು ಹಿಡಿದಷ್ಟೇ ಖುಷಿ. ಒಂದು ಹಿಡಿ ಟಾಚಣಿ ಕೊಟ್ಟರೆ ಒಂದು ತುಂಡು ಚಾಕ್ ಸಿಗುತ್ತಿತ್ತು.

ಚಾಚಾನಿಗೊಂದು ದನಿ ಇತ್ತು. ಮೊದಲು ಒಂದು ಮೊಟಕು ಕೆಮ್ಮು, ಆಮೇಲೆ ತುಟಿ ಮುಚ್ಚಿಕೊಂಡೇ ಮೂಗಿನಿಂದ ಎರಡು 'ಹ್ಞೂಂ', ಕೊನೆಗೆ ಗಂಟಲಿನ ಬುಡದಿಂದ ಏಳುವ ಉದ್ದನೆಯ ಇನ್ನೊಂದು. ಬಾ ಎನ್ನಲೂ ಅದೇ, ಹೋಗು ಎನ್ನಲೂ ಅದೇ, ತೋಳು ಎತ್ತು, ಎದೆ ಉಬ್ಬಿಸಬೇಡ, ಎಲ್ಲದಕ್ಕೂ ಅದೇ. ನಾನು ಅದನ್ನು ಐದನೇ ಕ್ಲಾಸಿನಲ್ಲೇ ಕದ್ದಿಟ್ಟುಕೊಂಡಿದ್ದೆ. ಅದರಲ್ಲಿ ಎಷ್ಟು ಪಳಗಿದ್ದೆನೆಂದರೆ, ಮೆಟ್ಟಿಲಲ್ಲಿ ನಾನು ಹಾಗೆ ಮಾಡಿದರೆ ಅವ್ವ ಸೆರಗು ಸರಿಮಾಡಿಕೊಂಡು ಚಹಾಕ್ಕೆ ನೀರಿಡುತ್ತಿದ್ದಳು. ಬಾಗಿಲಲ್ಲಿ ನನ್ನ ಮೂತಿ ಕಂಡ ಮೇಲೆ ಆ ನೀರನ್ನು ನನ್ನ ಮೇಲೆ ಸುರಿಯುವುದೊಂದು ಬಾಕಿ.

ಆ ಭಾನುವಾರ ಎರಡನೇ ಮಹಡಿಯವರ ಕೂಸಿಗೆ ತೊಟ್ಟಿಲ ಕಾರ್ಯಕ್ರಮ. ಟೆರೇಸಿನ ಮೇಲೆ ತಗಡಿನ ಕೆಳಗೆ ಊರ ಮಂದಿಯೆಲ್ಲ ಸೇರಿದ್ದರು. ಊಟಕ್ಕೆ ಮೊದಲು ಬಸವರಾಜ ಏನಾದರೂ ಮಾಡಲಿ ಎಂದರು. ನಾನು ಸಿರಿಯ ಚಾರ್ಟಿನಿಂದ ಆರ್ಡ್‌ವಾರ್ಕಿನ ಕಿವಿಗಳನ್ನು ಕತ್ತರಿಸಿ ತಲೆಗೆ ಸಿಗಿಸಿಕೊಂಡು ನಿಂತೆ. ಹುಡುಗಿ ಅಳುತ್ತಿದ್ದಳು, ಕಲೆಗಾಗಿ ತ್ಯಾಗ ಮಾಡಬೇಕು ಎಂದಿದ್ದೆ. ಪ್ರಾಣಿ ಸಂಗ್ರಹಾಲಯದ ಗೈಡಿನ ಹಿಂದಿಯಲ್ಲಿ ಶುರುಮಾಡಿದೆ. ಬನ್ನಿ, ನೋಡಿ, ಇದರ ಕುಲದಲ್ಲಿ ಇದೊಂದೇ ಉಳಿದಿದೆ, ಹಿಂದೆ ಯಾರಿಲ್ಲ, ಮುಂದೆ ಯಾರಿಲ್ಲ, ಅಕ್ಕ ತಂಗಿ ಅಳಿಯ ಬೀಗ ಎಂಬ ಶಬ್ದವೇ ಇದಕ್ಕೆ ಗೊತ್ತಿಲ್ಲ, ಇದರ ಕೂಗು ಕೇಳಿ ಎಂದು ಹೇಳಿ, ಕುತ್ತಿಗೆಗೆ ಟೇಪು ಹಾಕಿಕೊಂಡು ಚಾಚಾನ ದನಿ ತೆಗೆದೆ.

ಟೆರೇಸು ಹಾರಿಹೋಗುವ ಹಾಗೆ ನಗು. ಚಾಚಾನೂ ನಕ್ಕರು. ನಾನು ಅದನ್ನು ಕಂಡೆ, ಕಂಡು ಇನ್ನೆರಡು ಸಲ ಮಾಡಿದೆ. ಮೂರನೇ ಸಲಕ್ಕೆ ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡರು, ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟರು, ಕೂಸಿನ ತೊಟ್ಟಿಲಲ್ಲಿ ತಾವು ಹೊಲಿದು ತಂದ ಕುಲಾಯಿ ಇಟ್ಟು, ಊಟ ಮಾಡದೆ ಇಳಿದುಹೋದರು. ಸ್ವಲ್ಪ ಹೊತ್ತಿಗೆ ಅವ್ವನೂ ಎದ್ದಳು. ನಾನು ಕಿವಿ ತೆಗೆಯುವುದನ್ನೂ ಮರೆತು ಹಿಂದೆ ಓಡಿದೆ. ಮೆಟ್ಟಿಲ ತಿರುವಿನಲ್ಲಿ ಅವಳು ನಿಂತಳು, ನನ್ನ ಕಡೆ ತಿರುಗಲಿಲ್ಲ.

"ನಾ ಏನು ಸತ್ತೀನೇನೋ, ಬಸ್ಯಾ?"

ಅಷ್ಟೇ ಹೇಳಿದ್ದು. ಅಕ್ಕನ ಮಗಳ ಕಾಗದದ ಕಿವಿ ತಲೆಯ ಮೇಲೆ ಹೊತ್ತುಕೊಂಡು ನಾನು ಟೆರೇಸಿಗೂ ಹತ್ತಲಿಲ್ಲ, ಮನೆಗೂ ಇಳಿಯಲಿಲ್ಲ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು, ನಾನು ಕಣ್ಣಾರೆ ನೋಡುತ್ತ ಬೆಳೆದು, ಲೆಕ್ಕಕ್ಕೇ ಹಿಡಿಯದೆ ಬಿಟ್ಟ ವಿಷಯ. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಕರೆಯಲು ಅಣ್ಣನೋ ತಮ್ಮನೋ ಬರಬೇಕು. ಅವ್ವನಿಗೆ ಒಡಹುಟ್ಟಿದ ಗಂಡು ಯಾರೂ ಇಲ್ಲ. ಅವಳು ಮದುವೆಯಾಗಿ ಮುಂಬಯಿಗೆ ಬಂದ ಮೊದಲ ಶ್ರಾವಣದಿಂದ ಆ ಕೆಲಸ ಮಾಡುತ್ತ ಬಂದವರು ಚಾಚಾ. ಪಂಚಮಿಯ ದಿನ ಅಂಗಡಿ ಗುಡಿಸಿ, ರವಿಕೆಗೆಂದು ಒಂದು ಗುಳೇದಗುಡ್ಡದ ಖಣ ಕಾಗದದಲ್ಲಿ ಸುತ್ತಿಕೊಂಡು, ಪ್ರತಿ ತಿರುವಿನಲ್ಲೂ ಆ ಕೆಮ್ಮು ಕೆಮ್ಮುತ್ತ ನಾಲ್ಕು ಮಹಡಿ ಹತ್ತಿ ಬರುತ್ತಿದ್ದರು. ಖಣ ಕೊಟ್ಟು, ನಡಿಯವಾ ತಂಗಿ ಊರಿಗೆ, ಎನ್ನುತ್ತಿದ್ದರು. ಅವ್ವ ಹೊಸ ಸೀರೆ ಉಟ್ಟು, ಡಬ್ಬಿಯಲ್ಲಿ ಉಂಡಿ ಹಿಡಿದು ಅವರ ಹಿಂದೆ ಇಳಿಯುವಳು. ಐದಡಿಯ ಆ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು, ಒಂದು ಕಪ್ಪು ಚಹಾ ಕುಡಿದು, ಊರಿನ ಬಾವಿ, ಊರಿನ ಗುಡ್ಡ, ಸತ್ತವರು, ಕೆಟ್ಟವರು ಎಲ್ಲರನ್ನೂ ಮಾತಾಡಿಸಿ, ಅರ್ಧ ತಾಸಿನಲ್ಲಿ ವಾಪಸು ಹತ್ತಿ ಬರುವಳು. ಆ ದಿನವೆಲ್ಲ ಅವಳ ಮುಖ ಬೇರೆ. ತವರಿಗೆ ಹೋಗಿ ಬಂದ ಮುಖ.

ಚಿಕ್ಕವನಿದ್ದಾಗ ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಅವ್ವನ ಅಣ್ಣ ಮಾಮನಲ್ಲದೆ ಇನ್ನೇನು. ಶಾಲೆಗೆ ಹೋಗತೊಡಗಿದ ಮೇಲೆ ಗೆಳೆಯರೆಲ್ಲ ಚಾಚಾ, ಅಂದರೆ ಚಿಕ್ಕಪ್ಪ, ಎನ್ನುವುದು ಕೇಳಿ ನಾನೂ ಚಾಚಾ ಎಂದೆ. ಅವರೂ ಏನೂ ಅನ್ನಲಿಲ್ಲ. ಸಿರಿಯ ಪುಸ್ತಕದವರು ಒಂದು ಹಲ್ಲು, ಒಂದು ಎಲುಬು ನೋಡಿ ಯಾವ ಪ್ರಾಣಿ ಯಾವ ಗುಂಪಿನದೆಂದು ಹೇಳುತ್ತಾರಂತೆ. ನಾನು ಇಡೀ ಮನುಷ್ಯನನ್ನು ಎದುರಿಗಿಟ್ಟುಕೊಂಡು ಗುಂಪು ತಪ್ಪಿಸಿಬಿಟ್ಟಿದ್ದೆ. ಅದೂ ನೂರು ಜನರ ಮುಂದೆ, ಅವರ ತಂಗಿಯ ಮುಂದೆ.

ಅವತ್ತಿನಿಂದ ಚಾಚಾ ಸಂಜೆಯ ಚಹಾಕ್ಕೆ ಬರಲಿಲ್ಲ. ಅವ್ವ ಎರಡು ದಿನ ಹೆಚ್ಚಿಗೆ ಹಾಲು ಹಾಕಿದಳು, ಮೂರನೇ ದಿನ ಹಾಕಲಿಲ್ಲ. ಪಂಚಮಿ ಹತ್ತಿರ ಬರುತ್ತಿತ್ತು. ಶೇಂಗಾ ಹುರಿದಳು, ಎಳ್ಳು ಹುರಿದಳು, ಬೆಲ್ಲ ಕೆರೆದಳು. ನನ್ನ ಜೊತೆ ಮಾತು ಮಾತ್ರ ಲಿಫ್ಟಿನ ಹೆಂಗಸಿನಷ್ಟೇ: ಬಾಗಿಲು ಹಾಕಿಕೋ, ಬಾಗಿಲು ತೆಗಿ. ಈ ವಯಸ್ಸಿನಲ್ಲಿ ನನ್ನವ್ವನ ತವರನ್ನು ನಾನೇ ಮುಚ್ಚಿಸಿದೆನೇ ಎಂದು ನೆನೆಯುತ್ತ, ಕೆಲಸದ ಮೇಲೆ, ಲಿಫ್ಟಿನ ಬಾವಿಯ ತಳದಲ್ಲಿ ನಿಂತವನು ಬಿಗಿದ ನಟ್ಟನ್ನೇ ಮತ್ತೆ ಬಿಚ್ಚಿ ಬಿಗಿದೆ.

ಪಂಚಮಿಗೆ ನಾಲ್ಕು ದಿನ ಇರುವಾಗ, ಸರಿಯಾಗಿಯೇ ಇದ್ದ ಒಂದು ಪ್ಯಾಂಟನ್ನು ಉದ್ದ ಕಡಿಮೆ ಮಾಡಿಸುವ ನೆಪದಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದೆ. ಕ್ಷಮಿಸಿ ಎನ್ನಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಗಣಿತದ ಟೀಚರ ದನಿಯಲ್ಲಿ ಬಂತು, ವಾಲ್ವಿನವನ ದನಿಯಲ್ಲಿ ಬಂತು. ನನ್ನದರಲ್ಲಿ ಬರಲಿಲ್ಲ. ಅದರಲ್ಲಿ ಯಾರನ್ನೂ ಕ್ಷಮೆ ಕೇಳಿ ನನಗೆ ರೂಢಿಯಿರಲಿಲ್ಲ.

ಅವರು ಅದನ್ನೇ ತೊಡಿಸಿ ನಿಲ್ಲಿಸಿ ಅಳತೆ ತೆಗೆದರು. ಮಂಡಿಯೂರಿ ಕೂತು, ತುಟಿಯಲ್ಲಿ ನಾಲ್ಕು ಟಾಚಣಿ ಕಚ್ಚಿಕೊಂಡು, ಒಂದೊಂದಾಗಿ ನನ್ನ ಪ್ಯಾಂಟಿನ ಅಂಚಿಗೆ ಚುಚ್ಚಿದರು. ಒಂದಾದರೂ ಕಾಲಿಗೇ ಚುಚ್ಚಲಿ ಎಂದು ಕಾದೆ. ಚುಚ್ಚಲಿಲ್ಲ. ಕೊನೆಯ ಟಾಚಣಿ ತೆಗೆದ ಮೇಲೆ ತಲೆ ಎತ್ತಿದರು.

"ಮಾಡು. ಇಲ್ಲೆ, ನನ್ನ ಮುಂದ ಮಾಡು."

ಬೇಡ ಎಂದರೂ ಕೇಳಲಿಲ್ಲ. ಮಾಡಿದೆ. ಮೊಟಕು ಕೆಮ್ಮು, ಎರಡು ಹ್ಞೂಂ, ಕೊನೆಯ ಉದ್ದನೆಯದು. ಚಾಚಾನ ಕೈಯಲ್ಲಿದ್ದ ಚಾಕ್ ತುಂಡು ಹಾಗೇ ನಿಂತಿತು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಮಾಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಮಷೀನಿನ ಕಡೆ ನೋಡುತ್ತಿದ್ದರು.

"ಇದು ನಂದಲ್ಲೋ ಬೇಟಾ," ಎಂದರು. "ಇದು ನಮ್ಮ ಅಣ್ಣಂದು."

ಅಣ್ಣ ಹೊಲಿಯುವಾಗ ಬಾಯಿ ತುಂಬ ಟಾಚಣಿ ಇರುತ್ತಿತ್ತಂತೆ. ಬಾಯಿ ತೆಗೆದರೆ ಬೀಳುತ್ತವೆ, ಉಸಿರೆಳೆದರೆ ಒಳಗೆ ಹೋಗುತ್ತವೆ. ಅದಕ್ಕೆ ಗಿರಾಕಿಗಳ ಜೊತೆಗೆ, ಕೆಲಸ ಕಲಿಯುತ್ತಿದ್ದ ತಮ್ಮನ ಜೊತೆಗೆ ಎಲ್ಲ ಮಾತೂ ಮೂಗಿನಲ್ಲೇ. ತಾನೂ ಹಾಗೇ ಮಾಡುತ್ತೇನೆಂದು ಚಾಚಾನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲವಂತೆ. ಟೆರೇಸಿನ ಮೇಲೆ ಜನ ನಗುತ್ತಿದ್ದಾಗ, ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಅವರಿಗೆ ಅನಿಸಿತು, ಮೂರನೇ ಸಲಕ್ಕೆ ಯಾರದೆಂದು ತಿಳಿಯಿತು, ಆಮೇಲೆ ಊಟ ಇಳಿಯುವ ಹಾಗಿರಲಿಲ್ಲ.

ಇದನ್ನೆಲ್ಲ ಅವರು ಚಾಕ್ ತುಂಡಿನಿಂದ ನನ್ನ ಪ್ಯಾಂಟಿನ ಮೇಲೆ ಗೆರೆ ಎಳೆಯುತ್ತ ಹೇಳಿದರು. ನಾನು ಒಂದು ಕಾಲು ಮಡಚಿದ ಪ್ಯಾಂಟಿನಲ್ಲಿ, ಟಾಚಣಿಗಳ ನಡುವೆ ಅಲ್ಲಾಡದೆ ನಿಂತಿದ್ದೆ. ನಾನು ಕದ್ದದ್ದು ಕದ್ದ ಮಾಲನ್ನೇ ಎಂಬುದು ಒಂದು ದಿಗಿಲು. ನಾನು ನೋಡೇ ಇರದ ಮನುಷ್ಯನೊಬ್ಬ ಐದನೇ ಕ್ಲಾಸಿನಿಂದ ನನ್ನ ಗಂಟಲಲ್ಲಿ ಕೂತಿದ್ದಾನೆ ಎಂಬುದು ಅದಕ್ಕಿಂತ ದೊಡ್ಡದು.

"ನಮ್ಮ ಮನಿ ದನಿ ನಿನ್ನ ಬಾಯಾಗ ಇಟಗೊಂಡು," ಎಂದರು, "ಮತ್ತ ನಾ ಒಬ್ಬನ ಅಂದಿ?"

"ತಪ್ಪಾತು, ಮಾಮಾ," ಎಂದೆ. ಯಾರ ದನಿಯಲ್ಲಿ ಎಂದು ಕೇಳಬೇಡಿ. ಬಹಳ ಸಣ್ಣದಾಗಿ ಬಂತು, ಅದು ನನ್ನದೇ ಇರಬೇಕು.

ಅವರು ಪ್ಯಾಂಟಿನ ಇನ್ನೊಂದು ಕಾಲಿಗೂ ಗೆರೆ ಎಳೆದರು. ಪ್ಯಾಂಟು ಗುರುವಾರ ಒಯ್ಯಿ ಎಂದರು. ಗುರುವಾರ ಹೋದೆ, ಪ್ಯಾಂಟು ಕೊಟ್ಟರು. ಪಂಚಮಿಯ ಮಾತು ತೆಗೆಯಲಿಲ್ಲ. ಖಣ ಎಲ್ಲಾದರೂ ಕಾಣುತ್ತದೆಯೇ ಎಂದು ಕಪಾಟಿನ ಕಡೆ ಕಣ್ಣಾಡಿಸಿದೆ. ಶಾಲೆಯ ಯೂನಿಫಾರ್ಮುಗಳು ಮಾತ್ರ ಇದ್ದವು.

ಪಂಚಮಿಯ ದಿನ ರಜೆ ಹಾಕಿದೆ. ಜೋರು ಮಳೆ. ಅವ್ವ ಬೆಳಿಗ್ಗೆಯೇ ಹಾಲೆರೆದು ಪೂಜೆ ಮುಗಿಸಿ ಹೊಸ ಸೀರೆ ಉಟ್ಟಿದ್ದಳು. ಹತ್ತಾಯಿತು, ಹನ್ನೊಂದಾಯಿತು. ಕಿಟಕಿಗೆ ಹೋದಳು, ಬಂದಳು. ಮಳೆ ನೋಡಲು ಹೋದೆ ಎಂದಳು, ನಾನು ಕೇಳದೆಯೇ. ಉಂಡಿಯ ಡಬ್ಬಿ ತುಂಬಿಸಿ ಮುಚ್ಚಳ ಹಾಕದೆ ಬಿಟ್ಟಿದ್ದಳು. ಹನ್ನೆರಡಕ್ಕೆ ಬಂದು, ನನ್ನ ಕಡೆ ನೋಡದೆ, ಮುಚ್ಚಳ ಹಾಕಿ, ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟಳು. ಸೀರೆ ಬದಲಿಸುತ್ತೇನೆ, ಅಡಿಗೆಗೆ ತೊಡಕಾಗುತ್ತದೆ ಎಂದಳು. ನಾನು ಏನಾದರೂ ಮಾತಾಡಬೇಕಾಗಿತ್ತು. ನನ್ನಂಥವನಿಗೆ ಅಂಥ ಹೊತ್ತಿನಲ್ಲಿ ಗೊತ್ತಿರುವುದು ಯಾರದಾದರೂ ದನಿ ತೆಗೆಯುವುದೊಂದೇ, ಅದು ಹೊರಬೀಳದ ಹಾಗೆ ಬಾಯಿ ಮುಚ್ಚಲು ಒಂದೇ ಉಪಾಯ. ಅಡಿಗೆಮನೆಗೆ ಹೋಗಿ, ಡಬ್ಬಿ ಇಳಿಸಿ, ದೊಡ್ಡದೊಂದು ಶೇಂಗಾ ಉಂಡಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.

ಆಗ ಮೆಟ್ಟಿಲ ತಿರುವಿನಿಂದ ಕೇಳಿಸಿತು. ಒಂದು ಮೊಟಕು ಕೆಮ್ಮು. ಎರಡು ಹ್ಞೂಂ. ಕೊನೆಗೆ ಆ ಉದ್ದನೆಯದು.

ಅವ್ವ ಬಾಗಿಲ ಕಡೆ ಬೆನ್ನು ಹಾಕಿ ಸೀರೆಯ ಪಿನ್ನು ಬಿಚ್ಚುತ್ತಿದ್ದವಳು ತಿರುಗಲೇ ಇಲ್ಲ.

"ಇವತ್ತೊಂದು ದಿನಾರ ಬಿಡೋ ಬಸ್ಯಾ," ಎಂದಳು. "ಕಾಲಿಗೆ ಬೀಳ್ತೀನಿ, ಇವತ್ತರ ಅವರ ದನಿ ತಗೀಬ್ಯಾಡ."

ನಾನು ಅವಳ ಎದುರಿಗೆ, ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತೆ. ಅವಳು ತಲೆ ಎತ್ತಿ ನೋಡಿದಳು. ನನ್ನ ಎರಡೂ ಕೆನ್ನೆ ಉಬ್ಬಿದ್ದವು, ಬಾಯಿಂದ ಬೆಲ್ಲದ ಪುಡಿ ಉದುರುತ್ತಿತ್ತು. ಕೆಮ್ಮು ಮತ್ತೆ ಕೇಳಿಸಿತು, ಈ ಸಲ ಒಂದು ಮಹಡಿ ಹತ್ತಿರದಿಂದ.